ಮೊಲದ ಸಾಲಿನ ಅತಿಥಿ

ಆ ಶಾಲೆಯಲ್ಲಿ ಅವಳನ್ನು ಎಲ್ಲರೂ ಚಾರ್ಜರ್ ಟೀಚರ್ ಅಂತಲೇ ಕರೆಯುತ್ತಿದ್ದರು. ಕೊರಳಲ್ಲಿ ಸರ ಇರಲಿ ಬಿಡಲಿ, ಒಂದು ಬಿಳಿ ವೈರು ಮಾತ್ರ ಸದಾ ನೇತಾಡುತ್ತಿತ್ತು. ಬೆಳಗ್ಗೆ ಏಳೂವರೆಗೆಲ್ಲ ಬಂದು ಮೂರನೇ ತರಗತಿಯ ಬೀಗ ತೆಗೆಯುವುದು, ಬೀರುವಿನಿಂದ ಆರು ಟ್ಯಾಬ್‌ಗಳನ್ನು ಇಳಿಸುವುದು, ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿಗೆ ಉದ್ದನೆಯ ಬೋರ್ಡು ಸಿಕ್ಕಿಸಿ ಆರಕ್ಕೂ ಚಾರ್ಜಿಗೆ ಹಾಕುವುದು, ಇವು ಅವಳ ದಿನದ ಮೊದಲ ಕೆಲಸಗಳು. ಆ ಅಡ್ಡಹೆಸರಿನ ಬಗ್ಗೆ ಅವಳಿಗೆ ಬೇಜಾರೇನೂ ಇರಲಿಲ್ಲ. ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಇತ್ತು ಅನ್ನಿ.

ಇವತ್ತು ಮಾತ್ರ ವೈರು ಚುಚ್ಚುವಾಗ ಮನಸ್ಸು ಅಲ್ಲಿರಲಿಲ್ಲ. ಹನ್ನೊಂದು ಗಂಟೆಗೆ ಹೆಡ್‌ಮಿಸ್ ಕೋಣೆಯಲ್ಲಿ ಸಭೆ. ತರಗತಿಯ ಒಬ್ಬ ಹುಡುಗಿಯನ್ನು ಈ ಶಾಲೆಯಿಂದ ತೆಗೆದು, ಊರಿನ ಆ ಕೊನೆಯಲ್ಲಿದ್ದ ವಿಶೇಷ ಘಟಕಕ್ಕೆ ಕಳಿಸುವ ಕಾಗದಕ್ಕೆ ಅವಳ ಅಪ್ಪ ಸಹಿ ಹಾಕಬೇಕಿತ್ತು. ಕಲಿಕೆಯಲ್ಲಿ ತೀರಾ ಹಿಂದೆ ಬಿದ್ದ ಮಕ್ಕಳಿಗಾಗಿ ಇದ್ದ ಘಟಕ ಅದು. ಅಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಹತ್ತೇ ಮಕ್ಕಳಿಗೆ ಒಂದು ಕೋಣೆ ಅಂತ ಎಲ್ಲರೂ ಹೇಳುತ್ತಿದ್ದರು. ಹೇಳುತ್ತಿದ್ದವರು ಯಾರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿರಲಿಲ್ಲ. ಮಕ್ಕಳ ಬಾಯಲ್ಲಿ ಅದರ ಹೆಸರು ದಡ್ಡರ ಮನೆ.

ಹುಡುಗಿಗೆ ತರಗತಿಯಲ್ಲಿ ಪಿಸುಮಾತು ಅಂತ ಹೆಸರು. ಎಂಟು ವರ್ಷ. ಹಾಜರಿ ಕರೆದರೆ ಅವಳು "ಬಂದೆ" ಅನ್ನುವುದು ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ. ಅಕ್ಷರಗಳೂ ಹಾಗೆಯೇ, ಇರುವೆ ಸಾಲಿನಷ್ಟು ಸಣ್ಣ. ಅವಳ ಲೆಕ್ಕದ ಪುಸ್ತಕದಲ್ಲಿ ಉತ್ತರಗಳು ಸರಿಯಾಗಿಯೇ ಇರುತ್ತಿದ್ದವು. ಆದರೆ ಪಕ್ಕದವನನ್ನು ನೋಡಿ ಬರೆಯುತ್ತಾಳೆ ಎಂದು ಟೀಚರ್ ಎಂದೋ ತೀರ್ಮಾನ ಮಾಡಿಯಾಗಿತ್ತು. ಆ ತೀರ್ಮಾನಕ್ಕೆ ಟ್ಯಾಬ್ ಮುದ್ರೆ ಒತ್ತಿತು. ಮೂರು ತಿಂಗಳ ಲೆಕ್ಕದಾಟದಲ್ಲಿ ಅವಳ ಸಾಲಿಗೆ ಬಂದದ್ದು ನೂರಕ್ಕೆ ಮೂವತ್ತೆಂಟು. ಇಡೀ ತರಗತಿಯಲ್ಲಿ ಅದೇ ಕೊನೆ.

ಆ ಲೆಕ್ಕದಾಟ ಒಂದು ಪುಕ್ಕಟೆ ಆ್ಯಪ್. ಕೊಳದಲ್ಲಿ ಎಲೆಗಳು, ಎಲೆಯ ಮೇಲೊಂದು ಕಪ್ಪೆ. ಉತ್ತರ ಸರಿಯಾದರೆ ಕಪ್ಪೆ ಮೇಲಿನ ಎಲೆಗೆ ಹಾರುತ್ತದೆ. ತಪ್ಪಾದರೆ ಬುಳುಕ್ ಎಂದು ನೀರಿಗೆ ಬಿದ್ದು, ಕೆಳಗಿನ ಎಲೆ ಹತ್ತಿಕೊಂಡು, ಪೆಚ್ಚು ಮುಖ ಮಾಡಿ ಕೂರುತ್ತದೆ. ಗುಣಾಕಾರ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಮಕ್ಕಳು ಈಗ ಟ್ಯಾಬ್ ಕೊಡಿ ಟೀಚರ್ ಅಂತ ದುಂಬಾಲು ಬೀಳುತ್ತಿದ್ದರು. ಅದನ್ನು ಹುಡುಕಿ ತಂದವಳು ಅವಳೇ. ಹೆಡ್‌ಮಿಸ್ ಅದನ್ನೇ ಮೇಲಿನ ಕಚೇರಿಯಲ್ಲಿ ಹತ್ತು ಸಲ ಹೇಳಿಕೊಂಡು ಬೆನ್ನು ತಟ್ಟಿಸಿಕೊಂಡಿದ್ದರು.

ಪುಕ್ಕಟೆ ಎಂದ ಮೇಲೆ ಎಲ್ಲೋ ಒಂದು ಕಡೆ ಕೈ ಕಟ್ಟಿಯೇ ಇರುತ್ತದೆ. ಒಂದು ಟ್ಯಾಬ್‌ನಲ್ಲಿ ಮೂರೇ ಮಕ್ಕಳ ಲೆಕ್ಕ ಇಡಲು ಜಾಗ. ಆರು ಟ್ಯಾಬ್, ಹದಿನೆಂಟು ಜಾಗ, ಇಪ್ಪತ್ತೇಳು ಮಕ್ಕಳು. ಪ್ರತಿ ಮಗುವಿಗೂ ಸ್ವಂತ ಜಾಗ ಇರಲೇಬೇಕು ಎಂದು ಕಚೇರಿಯ ಆದೇಶ. ಟೀಚರ್ ಒಂದು ಉಪಾಯ ಮಾಡಿದಳು. ಹದಿನೆಂಟು ಮಕ್ಕಳಿಗೆ ಹದಿನೆಂಟು ಚಿತ್ರ ಕೊಟ್ಟಳು: ಮೊಲ, ಆನೆ, ಗಿಳಿ, ಆಮೆ ಹೀಗೆ. ಉಳಿದ ಒಂಬತ್ತು ಮಕ್ಕಳು ಅತಿಥಿಗಳು. ಅರ್ಧ ಅವಧಿಯ ಬೆಲ್ ಹೊಡೆದ ಮೇಲೆ ಅತಿಥಿ ಬಂದು ಚಿತ್ರದ ಯಜಮಾನನ ಪಕ್ಕ ಕೂತು, ಅವನ ಸಾಲಿನಲ್ಲೇ ಆಡಬೇಕು. ಜೋಡಿ ಮಾಡುವಾಗ ಅಳೆದು ಸುರಿದು, ಹೆಚ್ಚುಕಡಿಮೆ ಒಂದೇ ಮಟ್ಟದ ಇಬ್ಬರನ್ನು ಸೇರಿಸಿದ್ದಳು. ಅತಿಥಿಗಳ ಪಟ್ಟಿಯನ್ನು ತನ್ನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದಳು. ಈ ಏರ್ಪಾಟು ಹೆಡ್‌ಮಿಸ್‌ಗೆ ಗೊತ್ತಿರಲಿಲ್ಲ. ಹೇಳಿದರೆ ಬೇಡ ಅನ್ನುತ್ತಿದ್ದರು, ಒಂಬತ್ತು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತ ಕೂರಬೇಕಾಗಿತ್ತು.

ಈಗ ಸಭೆಗೆ ಕಾಗದಪತ್ರ ಜೋಡಿಸಬೇಕಿತ್ತು. ಹೆಡ್‌ಮಿಸ್ ಕೈಗೆ ಪ್ರತಿ ವಾರ ಹೋಗುತ್ತಿದ್ದದ್ದು ಬರೀ ಒಟ್ಟು ಅಂಕ. ದಿನದಿನದ ಪಟ್ಟಿಯನ್ನು ಟ್ಯಾಬ್ ತೆರೆದೇ ನೋಡಬೇಕು. ಸಭೆಗೆ ಬರುವ ಮೇಲಿನ ಕಚೇರಿಯ ಅಧಿಕಾರಿ ಕೇಳಿದರೆ ಇರಲಿ ಎಂದು ಅವಳು ಮೊಲದ ಚಿತ್ರ ಒತ್ತಿದಳು. ಮೊಲ ಪಿಸುಮಾತಿನದು. ಪಕ್ಕದಲ್ಲಿ ಹಾಜರಿ ಪುಸ್ತಕ ತೆರೆದಿಟ್ಟುಕೊಂಡಳು, ಹುಡುಗಿ ಎಷ್ಟು ದಿನ ಬಂದಿದ್ದಳು ಎಂದು ಸಭೆಯ ಕಾಗದದಲ್ಲಿ ನಮೂದಿಸಬೇಕಿತ್ತಲ್ಲ.

ಹೋದ ತಿಂಗಳು ಹುಡುಗಿ ಜ್ವರ ಬಂದು ಎಂಟು ದಿನ ಶಾಲೆಗೆ ಬಂದಿರಲಿಲ್ಲ. ಹಾಜರಿಯಲ್ಲಿ ಎಂಟು ಸೊನ್ನೆ. ಟ್ಯಾಬ್‌ನಲ್ಲಿ ಅದೇ ಎಂಟು ದಿನ ಮೊಲ ಆಡಿತ್ತು. ಎಂಟು ದಿನವೂ ಕೆಂಪು, ತಪ್ಪು, ತಪ್ಪು, ಕಪ್ಪೆ ನೀರಿಗೆ. ಹುಡುಗಿ ಮರಳಿ ಬಂದ ದಿನದಿಂದ ಮತ್ತೆ ಅರ್ಧ ಹಸಿರು, ಅರ್ಧ ಕೆಂಪು.

ಅವಳು ಎರಡೆರಡು ಸಲ ತಾರೀಖು ನೋಡಿದಳು. ಮೂರನೇ ಸಲ ಬೆರಳಿಟ್ಟು ನೋಡಿದಳು. ಕೆಂಪೆಲ್ಲ ಅತಿಥಿಯದು. ಹಸಿರೆಲ್ಲ ಪಿಸುಮಾತಿನದು.

ನೋಟ್‌ಬುಕ್ಕಿನ ಕೊನೇ ಪುಟ ತಿರುವುವ ಅಗತ್ಯವೇ ಇರಲಿಲ್ಲ, ಆದರೂ ತಿರುವಿದಳು. ಎಂಟು ಅತಿಥಿಗಳ ಹೆಸರಿತ್ತು. ಮೊಲದ ಮುಂದೆ ಖಾಲಿ. ಅಲ್ಲಿ ಬರೆಯುವುದು ಅವಳಿಗೆ ಅನಗತ್ಯ ಅನಿಸಿತ್ತು, ಯಾಕೆಂದರೆ ಮೊಲದ ಅತಿಥಿ ಅವಳ ಮಗ.

ಮಗ ಅದೇ ತರಗತಿ. ಕೂತಲ್ಲಿ ಕೂರದ ಅವನನ್ನು ಎಲ್ಲರೂ ಬುಗುರಿ ಅನ್ನುತ್ತಿದ್ದರು. ಶಾಲೆಯ ಗೇಟು ದಾಟಿದ ಮೇಲೆ ಅಮ್ಮ ಅನ್ನಬಾರದು, ಟೀಚರ್ ಅನ್ನಬೇಕು, ಅದು ಮೊದಲ ದಿನದಿಂದ ಅವಳ ಕಟ್ಟಪ್ಪಣೆ. ಟೀಚರ್ ಮಗನಿಗೇ ಮೊದಲು ಟ್ಯಾಬ್ ಅಂತ ಯಾರೂ ಬೆರಳು ತೋರಿಸಬಾರದು ಎಂದು ಅವನಿಗೆ ಸ್ವಂತ ಜಾಗ ಕೊಡಲಿಲ್ಲ. ಎಲ್ಲ ಜೋಡಿಗಳನ್ನೂ ಅಳೆದು ಮಾಡಿದವಳು ಇವನನ್ನು ಮಾತ್ರ ಅಳೆಯದೆ, ಕೊನೆಗೆ ಉಳಿದ ಜಾಗಕ್ಕೆ ತಳ್ಳಿದ್ದಳು. ಹುಡುಗಿ ಮೆದು, ದೂರು ಹೇಳುವವಳಲ್ಲ, ಅವಳ ಪಕ್ಕ ಇರಲಿ ಬಿಡು ಎಂದುಕೊಂಡಿದ್ದಳು. ತನ್ನ ನ್ಯಾಯಕ್ಕೆ ತಾನೇ ತಲೆದೂಗಿಕೊಂಡಿದ್ದಳು ಕೂಡ.

ತರಗತಿಯಲ್ಲೂ ಹುಡುಗಿಯ ಪಕ್ಕ ಕೂರುತ್ತಿದ್ದವನು ಅವನೇ. ಹಾಗಾದರೆ ನೋಡಿ ಬರೆಯುತ್ತಿದ್ದದ್ದು ಯಾರು? ಅವಳಿಗೆ ಆ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳಲೂ ಧೈರ್ಯ ಬರಲಿಲ್ಲ.

ಬುಗುರಿ ಹೊರಗಿನ ಮೆಟ್ಟಿಲ ಮೇಲೆ ಕೂತು ಶೂ ಲೇಸನ್ನು ಕಂಬಿಗೆ ಕಟ್ಟುತ್ತಿದ್ದ. ಶಾಲೆ ಶುರುವಾಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ಕರೆದಳು.

"ಏನು ಟೀಚರ್?" ಎಂದು ಓಡಿಬಂದ.

"ಇಲ್ಲಿ ಕೂತ್ಕೋ. ಸ್ವಲ್ಪ ಹೊತ್ತು ಕಪ್ಪೆ ಆಟ ಆಡು, ನೋಡೋಣ."

"ಈಗ್ಲಾ? ನಾನೊಬ್ಬನೇನಾ?" ಅವನ ಮುಖ ಊರಗಲವಾಯಿತು.

ಮೊದಲ ಪ್ರಶ್ನೆ: ಹದಿಮೂರು, ಮೂವತ್ತೊಂದು, ಯಾವುದು ದೊಡ್ಡದು? ಅವನು ಹದಿಮೂರನ್ನು ಒತ್ತಿದ. ಬುಳುಕ್. ಕಿಲಕಿಲ ನಕ್ಕ. ಎರಡನೆಯದು, ಬುಳುಕ್. ಮೂರನೆಯದು, ಬುಳುಕ್. "ನೋಡಿ ಟೀಚರ್, ಅದರ ಮುಖ ನೋಡಿ!" ಎಂದು ಮೇಜು ಬಡಿದ.

ಅವಳಿಗೆ ಹೋದ ಜೀವ ಬಂದಂತಾಯಿತು. ಅಯ್ಯೋ ಪಾಪಿ, ಇಷ್ಟೇನಾ! ಕಪ್ಪೆ ಬೀಳುವುದನ್ನು ನೋಡುವ ಆಸೆಗೆ ಬೇಕೆಂದೇ ತಪ್ಪು ಒತ್ತುತ್ತಿದ್ದಾನೆ. ಮಕ್ಕಳು ಹಾಗೇ ಅಲ್ಲವೇ? ಇವನ ತುಂಟತನಕ್ಕೆ ಪಾಪದ ಹುಡುಗಿಗೆ ಈ ಗತಿ. ಹನ್ನೊಂದಕ್ಕೆ ಹೋಗಿ, ಹೀಗ್ಹೀಗೆ, ನನ್ನ ಮಗನ ಕಿಡಿಗೇಡಿತನ ಅಂತ ಹೇಳಿಬಿಟ್ಟರಾಯಿತು. ಎಲ್ಲರೂ ನಕ್ಕು ಬಿಡುತ್ತಾರೆ.

ಆದರೂ ಹದಿನೇಳು ವರ್ಷ ಪಾಠ ಹೇಳಿದ ಕೈ ಸುಮ್ಮನಿರಬೇಕಲ್ಲ. ಅವಳು ಟ್ಯಾಬ್ ಪಕ್ಕಕ್ಕಿಟ್ಟು ಒಂದು ಬಿಳಿ ಹಾಳೆ ತೆಗೆದಳು. ಆ ಲೆಕ್ಕಗಳನ್ನೂ ಸೇರಿಸಿ ಹತ್ತು ಲೆಕ್ಕ ಪೆನ್ಸಿಲ್ಲಿನಲ್ಲಿ ಬರೆದು ಮುಂದಿಟ್ಟಳು. "ಇಲ್ಲಿ ಕಪ್ಪೆ ಇಲ್ಲ. ಆಟ ಅಲ್ಲ. ದೊಡ್ಡದಕ್ಕೆ ಸುತ್ತು ಹಾಕು."

ಬುಗುರಿಯ ನಗು ಹೊರಟುಹೋಯಿತು. ಹಾಳೆಯನ್ನೇ ನೋಡಿದ. ಪೆನ್ಸಿಲ್ ಒಂದು ಸಂಖ್ಯೆಯ ಮೇಲೆ, ಆಮೇಲೆ ಇನ್ನೊಂದರ ಮೇಲೆ ಸುಳಿದಾಡಿತು. ಆಮೇಲೆ ಅವನು ಹಾಳೆ ಬಿಟ್ಟು ಅವಳ ಕೈಯನ್ನು ನೋಡತೊಡಗಿದ. ಅವಳ ಬಲಗೈಯ ತೋರುಬೆರಳನ್ನು.

ಯಾಕೆ ನೋಡುತ್ತಿದ್ದಾನೆಂದು ಅವಳಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಮನೆಯಲ್ಲಿ ಹೋಮ್‌ವರ್ಕ್ ಮಾಡಿಸುವಾಗ, ಅಡುಗೆ ಮನೆಯ ಕುಕ್ಕರಿನ ಕಡೆ ಒಂದು ಕಿವಿ ಕೊಟ್ಟು, ಅವಳು ಬೆರಳನ್ನು ಸುಮ್ಮನೆ ಸರಿಯುತ್ತರದ ಹತ್ತಿರ ಇಟ್ಟುಬಿಡುತ್ತಿದ್ದಳು. ಇದು ನೋಡು, ಸರಿಯಾಗಿ ನೋಡು ಎನ್ನುತ್ತಿದ್ದಳು. ಅವನು ಬೆರಳನ್ನು ಓದುತ್ತಿದ್ದ. ಮೂರು ವರ್ಷದಿಂದ ಲೆಕ್ಕ ಮಾಡುತ್ತಿದ್ದದ್ದು ಅವಳ ಬೆರಳು.

ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಬುಗುರಿ ಹದಿಮೂರಕ್ಕೆ ಸುತ್ತು ಹಾಕಿದ. ಹತ್ತರಲ್ಲಿ ಏಳು ತಪ್ಪು.

"ತಪ್ಪಾ?" ಎಂದು ಮೆಲ್ಲಗೆ ಕೇಳಿದ. "ಕಪ್ಪೆಗಾದ್ರೆ ಬಿದ್ರೂ ನಗು ಬರುತ್ತೆ ಟೀಚರ್. ಹಾಳೇಲಿ ಬರಲ್ಲ."

ಅವಳು ಅವನ ತಲೆ ನೇವರಿಸಿ ಹೊರಗೆ ಕಳಿಸಿದಳು. ಬಾಗಿಲು ಮುಂದೆ ಮಾಡಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕುಸಿದು ಕೂತಳು.

ಮನುಷ್ಯರ ಮನಸ್ಸು ಬಲು ಕೆಟ್ಟದ್ದು. ಅದು ಅಳುವ ಮೊದಲು ಲೆಕ್ಕ ಹಾಕುತ್ತದೆ. ಒಟ್ಟು ಅಂಕ ಹೆಡ್‌ಮಿಸ್ ಹತ್ತಿರ ಇದೆ, ದಿನದಿನದ ಪಟ್ಟಿ ಇರುವುದು ಈ ಟ್ಯಾಬ್‌ನಲ್ಲಿ ಮಾತ್ರ. ಅತಿಥಿಯ ಜಾಗ ಖಾಲಿ ಇದೆ. ಕಾಗದದಲ್ಲಿ ಪಿಸುಮಾತಿನ ಹೆಸರು ಆಗಲೇ ಅಚ್ಚಾಗಿದೆ. ಮೊಲದ ಚಿತ್ರವನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಅಳಿಸಬೇಕೇ ಎಂದು ಆ್ಯಪ್ ಕೇಳುತ್ತದೆ. ಹೌದು ಅಂದರೆ ಮುಗಿಯಿತು, ಆ ಎಂಟು ದಿನಗಳು ಭೂಮಿಯ ಮೇಲೆ ಇರಲೇ ಇಲ್ಲ. ಮಗನಿಗೆ ಇವತ್ತಿನಿಂದಲೇ ಮನೆಯಲ್ಲಿ ಕೂರಿಸಿ ಕಲಿಸಿದರಾಯಿತು. ಹುಡುಗಿಗೇನು, ಅಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದಾರೆ.

ಅವಳ ಹೆಬ್ಬೆರಳು ಮೊಲದ ಮೇಲಿತ್ತು. "ಅಳಿಸಬೇಕೇ?" ಎಂದು ಪೆಟ್ಟಿಗೆ ತೆರೆದುಕೊಂಡಿತು.

ಹೊರಗೆ ಬೆಲ್ ಹೊಡೆಯಿತು. ಬಾಗಿಲು ತಳ್ಳಿಕೊಂಡು ಮಕ್ಕಳು ನುಗ್ಗಿದರು. ಅವಳು ಟ್ಯಾಬ್ ಅನ್ನು ಎದೆಗೆ ಕವುಚಿಕೊಂಡಳು. ಕೊನೆಯಲ್ಲಿ ಬಂದ ಪಿಸುಮಾತು ತನ್ನ ಬೆಂಚಿಗೆ ಹೋಗಿ, ಚೀಲ ಇಟ್ಟು, ಪಕ್ಕದಲ್ಲಿ ಬುಗುರಿಗೆ ಜಾಗ ಬಿಟ್ಟು ಕೂತಳು. ಇವತ್ತೇ ತನ್ನ ಕೊನೆಯ ದಿನ ಇರಬಹುದೆಂದು ಆ ಮಗುವಿಗೆ ಗೊತ್ತಿತ್ತೋ ಇಲ್ಲವೋ. ಹೊಸ ರಿಬ್ಬನ್ ಕಟ್ಟಿಸಿಕೊಂಡು ಬಂದಿದ್ದಳು.

ಟೀಚರ್ "ಬೇಡ" ಎನ್ನುವುದನ್ನು ಒತ್ತಿದಳು. ಆದರೆ ಅದರಿಂದ ಏನೂ ತೀರ್ಮಾನ ಆಗಲಿಲ್ಲ. ಅಳಿಸದೆಯೂ ಸುಮ್ಮನಿರಬಹುದಲ್ಲ.

ಹನ್ನೊಂದಕ್ಕೆ ಹೆಡ್‌ಮಿಸ್ ಕೋಣೆಗೆ ಹೋದಾಗ ಹುಡುಗಿಯ ಅಪ್ಪ ಆಗಲೇ ಬಂದು ಕೂತಿದ್ದ. ಬಸ್ ಡ್ರೈವರ್. ಬೆಳಗಿನ ಪಾಳಿ ನಡುವೆ ಬಿಡುವು ಮಾಡಿಕೊಂಡು ಖಾಕಿಯಲ್ಲೇ ಬಂದಿದ್ದ, ಟೋಪಿ ಮೊಣಕಾಲ ಮೇಲಿತ್ತು. ಕಣ್ಣು ಕೆಂಪಗಿತ್ತು. ನಿನ್ನೆ ಸಂಜೆ ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ ವಿಷಯ ಹೇಳಿದವಳು ಟೀಚರೇ. "ಇದರಲ್ಲಿ ಅವಮಾನ ಏನಿಲ್ಲ ಅಣ್ಣಾ, ಮಗುವಿನ ಒಳ್ಳೇದಕ್ಕೇ ಹೇಳ್ತಿರೋದು" ಅಂತ ಮೆತ್ತಗೆ, ನಯವಾಗಿ ಹೇಳಿದ್ದಳು. ಅವನು ತಲೆ ಆಡಿಸಿ ಹೋಗಿದ್ದ.

ಮೇಲಿನ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಅವಸರದ ಮನುಷ್ಯ. ಇನ್ನೂ ಎರಡು ಶಾಲೆ ಸುತ್ತಬೇಕಿತ್ತು ಅವರಿಗೆ. ಹೆಡ್‌ಮಿಸ್ ಮಾತು ಶುರು ಮಾಡಿದರು.

"ನಮ್ಮ ಟೀಚರ್ ಇದಾರಲ್ಲ ಸಾರ್, ಟ್ಯಾಬ್ ಪಾಠ ಅಂದ್ರೆ ಇವರೇ. ಒಂದು ಪೈಸೆ ಖರ್ಚಿಲ್ಲದೆ ಪ್ರತಿ ಮಗುವಿನ ಲೆಕ್ಕ ಕೈಯಲ್ಲಿ ಇಟ್ಕೊಂಡಿದಾರೆ. ಮುಂಚೆ ಆಗಿದ್ರೆ ಈ ಮಗು ಹಿಂದೆ ಬಿದ್ದಿರೋದು ನಮಗೆ ಗೊತ್ತೇ ಆಗ್ತಿರ್ಲಿಲ್ಲ."

"ಒಳ್ಳೇದು, ಒಳ್ಳೇದು," ಎಂದು ಅಧಿಕಾರಿ ಕಾಗದ ತಿರುಗಿಸಿ ಅಪ್ಪನ ಮುಂದಿಟ್ಟರು. "ಘಟಕದಲ್ಲಿ ಈ ವರ್ಷಕ್ಕೆ ಒಂದೇ ಜಾಗ ಖಾಲಿ ಇರೋದು. ಇವತ್ತು ಪಟ್ಟಿ ಮುಗಿಯುತ್ತೆ. ಇಲ್ಲಿ ಒಂದು ಸಹಿ ಹಾಕಿ."

ಡ್ರೈವರ್ ಪೆನ್ನು ತೆಗೆದುಕೊಂಡ, ಸಹಿ ಹಾಕಲಿಲ್ಲ. "ಸಾರ್, ಒಂದು ಮಾತು ಕೇಳ್ಲಾ? ರಜೆ ದಿನ ನಾನು ಅವಳನ್ನ ಬಸ್ಸಲ್ಲಿ ಕರ್ಕೊಂಡು ಹೋಗ್ತೀನಿ. ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ, ನಾವು ಎಷ್ಟು ತಡ ಆಗಿದೀವಿ, ಎಲ್ಲ ಅವಳೇ ಕಿವೀಲಿ ಹೇಳ್ತಾಳೆ. ಒಂದಿನಾನೂ ತಪ್ಪಿಲ್ಲ." ಆಮೇಲೆ ಟೀಚರ್ ಕಡೆ ತಿರುಗಿದ. "ಮನೇಲಿ ಬರೋದು ಇಲ್ಲಿ ಬರದೇ ಇರೋಕೆ ಆಗುತ್ತಾ ಟೀಚರ್?"

ಟೀಚರ್ ಬಾಯಿ ತೆರೆದಳು.

"ಕೆಲವು ಮಕ್ಕಳಲ್ಲಿ ಹಾಗೂ ಇರುತ್ತಪ್ಪಾ," ಎಂದು ಹೆಡ್‌ಮಿಸ್ಸೇ ಉತ್ತರ ಕೊಟ್ಟುಬಿಟ್ಟರು. "ಟ್ಯಾಬ್ ಯಾರ ಮುಖಾನೂ ನೋಡಲ್ಲ. ಇದ್ದದ್ದು ಇದ್ದಹಾಗೆ ಹೇಳುತ್ತೆ."

ಡ್ರೈವರ್ ಮತ್ತೊಂದು ಕ್ಷಣ ಟೀಚರ್ ಮುಖವನ್ನೇ ನೋಡಿದ. ಅವಳು ನೆಲ ನೋಡಿದಳು. ನಿಟ್ಟುಸಿರು ಬಿಟ್ಟು ಅವನು ಕಾಗದದ ಮೇಲೆ ಬಾಗಿದ. ದೊಡ್ಡ ಸ್ಟಿಯರಿಂಗ್ ತಿರುಗಿಸಿ ಒರಟಾದ ಆ ಕೈಯಲ್ಲಿ ಪೆನ್ನು ಸರಿಯಾಗಿ ಕೂರುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರ ಬರೆದ. ಎರಡನೆಯ ಅಕ್ಷರಕ್ಕೆ ಪೆನ್ನು ಎತ್ತಿದ.

"ನಿಲ್ಲಿಸಿ ಅಣ್ಣಾ," ಅಂದಳು ಟೀಚರ್. ತನ್ನ ದನಿ ತನಗೇ ಗುರುತು ಹತ್ತಲಿಲ್ಲ. "ಸಹಿ ಹಾಕ್ಬೇಡಿ. ಆ ಅಂಕ ನಿಮ್ಮ ಮಗಳದ್ದಲ್ಲ."

ಟ್ಯಾಬ್ ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ಹಾಜರಿ ಪುಸ್ತಕ. ಹದಿನೆಂಟು ಜಾಗ, ಇಪ್ಪತ್ತೇಳು ಮಕ್ಕಳು, ಅತಿಥಿಗಳ ಏರ್ಪಾಟು, ಜ್ವರದ ಎಂಟು ದಿನ, ಎಲ್ಲವನ್ನೂ ಹೇಳಿದಳು. ಒಂದೇ ಉಸಿರಿಗೆ ಹೇಳಿದಳು, ನಡುವೆ ನಿಂತರೆ ಮತ್ತೆ ಮಾತು ಹೊರಡುವುದಿಲ್ಲ ಎಂಬ ಭಯ ಅವಳಿಗೆ.

ಹೆಡ್‌ಮಿಸ್ ಮುಖ ಕೆಂಪೇರಿತು. "ಇಬ್ಬಿಬ್ಬರನ್ನ ಒಂದೇ ಸಾಲಲ್ಲಿ ಕೂರಿಸಿದ್ರಾ? ನನಗೆ ಒಂದು ಮಾತು ಹೇಳದೆ? ನಾನು ಕಚೇರೀಲಿ ಎದೆ ತಟ್ಕೊಂಡು ಹೇಳಿದೀನಲ್ರೀ! ನನ್ನ ಮರ್ಯಾದೆ ಏನಾಗ್ಬೇಕು?"

ಅಧಿಕಾರಿ ಅವಸರ ಮರೆತು ಕನ್ನಡಕ ಹಾಕಿಕೊಂಡರು. ಕೆಂಪು ಪಟ್ಟಿಯ ಮೇಲೆ ಬೆರಳಾಡಿಸಿ ಹಾಜರಿ ನೋಡಿದರು. "ಸರಿ. ಹಾಗಾದ್ರೆ ಈ ಕೆಂಪು ಯಾರದ್ದು? ಆ ಅತಿಥಿ ಯಾವ ಮಗು?"

"ನನ್ನ ಮಗ," ಅಂದಳು. "ನನ್ನ ಮಗಂದು ಸಾರ್. ಬೆಳಗ್ಗೆ ಹಾಳೆ ಕೊಟ್ಟೂ ನೋಡ್ದೆ. ಅವನಿಗೆ ಬರ್ತಿಲ್ಲ."

ಆ ಮಾತು ಆಡಿದ ಮೇಲೆ ತನಗೆ ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ಕೂತಳು.

ಖಾತ್ರಿ ಆಗಬೇಕಲ್ಲ ಎಂದು ಅಧಿಕಾರಿ ಪಿಸುಮಾತನ್ನು ಒಳಗೆ ಕರೆಸಿದರು. ಅವಳು ಅಪ್ಪನ ಪಕ್ಕ ಬಂದು ನಿಂತಳು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಎಂದು ಕಾಗದ ಕೊಟ್ಟರು. ಇರುವೆ ಅಕ್ಷರದಲ್ಲಿ ಇಪ್ಪತ್ತೈದು ಎಂದು ಬರೆದಳು. ಇನ್ನೂ ನಾಲ್ಕು ಕೊಟ್ಟರು, ನಾಲ್ಕೂ ಸರಿ. ಡ್ರೈವರ್ ಟೋಪಿಯಿಂದ ಮುಖ ಒರೆಸಿಕೊಂಡ, ಬೆವರಿದ್ದನೋ ಏನೋ.

"ಜಾಣೆ," ಎಂದರು ಅಧಿಕಾರಿ. "ಮತ್ತೆ ಕಪ್ಪೆ ಆಟದಲ್ಲಿ ಯಾಕಮ್ಮಾ ಮುಂದೆ ಹೋಗ್ಲಿಲ್ಲ?"

ಹುಡುಗಿಯ ತುಟಿ ಅಲ್ಲಾಡಿತು. ಅವರು ಮೇಜಿನ ಮೇಲೆ ಬಾಗಿ ಕಿವಿ ಕೊಡಬೇಕಾಯಿತು.

"ದಿನಾ ಬಂದು ನೋಡಿದ್ರೆ ಕಪ್ಪೆ ಕೆಳಗಿನ ಎಲೆ ಮೇಲೆ ಇರ್ತಿತ್ತು. ಮತ್ತೆ ಮೇಲೆ ಹತ್ತಿಸ್ತಿದ್ದೆ. ಬೆಲ್ ಆದ್ಮೇಲೆ ಬುಗುರಿ ಬೀಳಿಸ್ತಿದ್ದ."

"ಟೀಚರ್‌ಗೆ ಹೇಳ್ಬೇಕಿತ್ತಲ್ವಾ ಪುಟ್ಟಿ?"

ಅವಳು ಟೀಚರ್ ಕಡೆ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು. "ಟೀಚರ್ ಮಗ ಅಲ್ವಾ," ಅಂದಳು.

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗೇಟಿನ ಒಳಗೆ ಅಮ್ಮ ಅನ್ನಬೇಡ ಅಂದದ್ದು, ಸ್ವಂತ ಜಾಗ ಕೊಡದೇ ಇದ್ದದ್ದು, ಯಾವುದೂ ಮಕ್ಕಳ ಕಣ್ಣು ಕಟ್ಟಿರಲಿಲ್ಲ. ಎಂಟು ವರ್ಷದ ಮಗುವೊಂದು ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು, ಅವಳ ಮಗ ಬೀಳಿಸಿದ ಕಪ್ಪೆಯನ್ನು ದಿನಾ ಬೆಳಗ್ಗೆ ಎತ್ತಿ ಕೂರಿಸಿತ್ತು. ಅದಕ್ಕೆ ಪ್ರತಿಫಲವಾಗಿ ಇವಳು ಅದನ್ನು ದಡ್ಡರ ಮನೆಗೆ ಕಳಿಸಲು ಹೊರಟಿದ್ದಳು.

ಅಧಿಕಾರಿ ಹಳೆಯ ಕಾಗದವನ್ನು ಅಡ್ಡಡ್ಡ ಹರಿದರು. ಚೀಲದಿಂದ ಖಾಲಿ ನಮೂನೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಏನೋ ಹೇಳಲು ಹಿಂಜರಿದರು. "ಟೀಚರ್, ಜಾಗ ಒಂದಿದೆ. ಇವತ್ತು ಹೆಸರು ಹೋಗದಿದ್ರೆ ಬೇರೆ ಶಾಲೆ ಪಾಲಾಗುತ್ತೆ. ಅಲ್ಲಿ ಮೊದಲು ಮಗುವನ್ನ ಸರಿಯಾಗಿ ಕೂರಿಸ್ಕೊಂಡು ಪರೀಕ್ಷೆ ಮಾಡ್ತಾರೆ. ಆಮೇಲೇ ಸೇರ್ಸೋದು. ನೀವು ಬೇಡ ಅಂದ್ರೆ ನಾನು ಒತ್ತಾಯ ಮಾಡಲ್ಲ."

"ಮನೇಲಿ ಕೇಳ್ಬೇಕು," ಅಂದಳು ಟೀಚರ್. "ಅವನ ಅಪ್ಪನ್ನ ಒಂದ್ಮಾತು... ನಾನೇ ಹೇಳ್ಕೊಡ್ತೀನಿ ಸಾರ್. ನಾನೇ ಟೀಚರ್ ಅಲ್ವಾ? ಒಂದಾರು ತಿಂಗಳು ಕೊಟ್ರೆ..."

ಎದ್ದು ಬಾಗಿಲ ತನಕ ಹೋಗಿದ್ದ ಡ್ರೈವರ್ ಮಗಳ ಕೈ ಹಿಡಿದುಕೊಂಡೇ ತಿರುಗಿ ನಿಂತ. ಅವನಿಗೆ ಕೋಪ ಬರಬೇಕಿತ್ತು, ಬಂದಿತ್ತು ಕೂಡ. ಆದರೆ ದನಿಯಲ್ಲಿ ಕೇಳಿಸಿದ್ದು ಕೋಪವಲ್ಲ.

"ಟೀಚರ್, ನಿನ್ನೆ ನೀವು ನನಗೆ ಹೇಳಿದ್ರಿ, ಇದರಲ್ಲಿ ಅವಮಾನ ಏನಿಲ್ಲ ಅಂತ. ಮನೆಗೆ ಹೋಗಿ ನಂಬೋಕೆ ನೋಡ್ದೆ. ನನ್ನ ಹೆಂಡತೀನೂ ನೋಡಿದ್ಲು. ಇಬ್ಬರ ಕೈಲೂ ಆಗ್ಲಿಲ್ಲ, ಆದ್ರೂ ಬಂದೆ, ಓದಿದೋರು ನೀವು ಹೇಳಿದ್ರಿ ಅಂತ." ಸ್ವಲ್ಪ ನಿಂತು ಕೇಳಿದ, "ಅದು ನಿಜಾನಾ? ಅಥವಾ ನಮಗೆ ಮಾತ್ರ ಹೇಳೋದಾ?"

ಅವಳು ನಮೂನೆಯನ್ನು ಹತ್ತಿರ ಎಳೆದುಕೊಂಡಳು. ಮಗುವಿನ ಹೆಸರು, ವಯಸ್ಸು, ತರಗತಿ ಬರೆದಳು. ಇಂಥ ನಮೂನೆಗಳನ್ನು ಎಷ್ಟೋ ತುಂಬಿದ ಕೈ, ಅಭ್ಯಾಸಬಲದಿಂದ ಶಿಕ್ಷಕರ ಸಹಿ ಎಂದಿದ್ದ ಕಡೆಗೆ ಹೋಗಿ ಅರ್ಧ ಸಹಿ ಹಾಕಿತ್ತು. ಆಮೇಲೆ ನಿಂತಿತು. ಅವಳು ಅದನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಕೆಳಗಿನ ಸಾಲಿಗೆ ಇಳಿದು, ತಾಯಿ ಎಂದಿದ್ದ ಕಡೆ ಪೂರ್ತಿ ಹೆಸರು ಬರೆದಳು.

ಡ್ರೈವರ್ ಟೋಪಿ ತಲೆಗಿಟ್ಟುಕೊಂಡ. "ಆ ಘಟಕದ ಕಡೆಗೆ ಬೆಳಗಿನ ಮೊದಲ ಬಸ್ಸು ನಂದೇ," ಎಂದಷ್ಟೇ ಹೇಳಿ ಹೊರಟುಹೋದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ತರಗತಿ ಖಾಲಿಯಾಗಿತ್ತು. ಸಂಜೆ ಹೆಡ್‌ಮಿಸ್‌ಗೆ ಲಿಖಿತ ಉತ್ತರ ಕೊಡಬೇಕಿತ್ತು, ಟ್ಯಾಬ್ ಬೀರುವಿನ ಬೀಗದ ಕೈಯನ್ನು ಅವರು ಆಗಲೇ ಇಸಿದುಕೊಂಡಿದ್ದರು. ಟೀಚರ್ ತನ್ನ ಫೋನ್ ತೆಗೆದು ಆ ಪುಕ್ಕಟೆ ಆ್ಯಪ್ ಇಳಿಸಿಕೊಂಡಳು. ಎರಡು ನಿಮಿಷದ ಕೆಲಸ. ಮೂರು ತಿಂಗಳಲ್ಲಿ ಈ ಎರಡು ನಿಮಿಷ ಅವಳಿಗೆ ಹೊಳೆದಿರಲಿಲ್ಲ. ಬುಗುರಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಚಿತ್ರ ಆರಿಸ್ಕೋ."

"ನನಗಾ? ಯಾರ ಜೊತೆಗೆ ಟೀಚರ್?"

"ಯಾರ ಜೊತೆಗೂ ಇಲ್ಲ. ನಿನ್ನೊಬ್ಬಂದೇ. ಮತ್ತೆ ನನ್ನನ್ನ ಅಮ್ಮ ಅನ್ನು."

ಅವನು ಗೇಟಿನ ಕಡೆ ನೋಡಿದ, ಅವಳ ಮುಖ ನೋಡಿದ, ಏನೋ ಎಡವಟ್ಟಾಗಿದೆ ಎಂದು ಅವನಿಗೂ ಅನಿಸಿರಬೇಕು. ಆದರೆ ಚಿತ್ರಗಳ ಸಾಲು ತೆರೆದುಕೊಂಡಿತ್ತು, ಅದರಲ್ಲಿ ಮುಳುಗಿಬಿಟ್ಟ. ತುಂಬ ಹೊತ್ತು ಹುಡುಕಿ ಒಂದು ಗೂಬೆ ಆರಿಸಿಕೊಂಡ.

ಮೊದಲ ಪ್ರಶ್ನೆ ಬಂತು. ಹದಿನಾಲ್ಕು, ನಲವತ್ತೊಂದು, ಯಾವುದು ದೊಡ್ಡದು? ಬುಗುರಿ ಪ್ರಶ್ನೆ ನೋಡಿದ. ಆಮೇಲೆ ಎಂದಿನಂತೆ ಅವಳ ಬೆರಳನ್ನು ಹುಡುಕಿದ. ಅವಳಿಗೆ ಇಡೀ ಮೈ ಆ ಬೆರಳಿನ ತುದಿಗೆ ಬಂದು ನಿಂತಂತಾಯಿತು. ಒಂದೇ ಒಂದು ಅಂಗುಲ ಮುಂದೆ ಸರಿಸಿದ್ದರೆ ಸಾಕಿತ್ತು.

"ಅಮ್ಮಾ, ಬೆರಳೆಲ್ಲಿ?" ಅಂದ.

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತಳು. "ಇವತ್ತಿಂದ ಬೆರಳಿಲ್ಲ ಕಂದಾ. ನೀನೇ ನೋಡು, ನಿಧಾನಕ್ಕೆ ನೋಡು. ಬಿದ್ರೆ ಬೀಳ್ಲಿ."

ಅವನು ನೋಡಿದ. ಹಣೆ ಗಂಟಿಕ್ಕಿಕೊಂಡು, ತುಟಿ ಕಚ್ಚಿಕೊಂಡು, ತುಂಬ ಹೊತ್ತು ನೋಡಿದ. ಅವನು ಇಷ್ಟು ಕಷ್ಟಪಡುವುದನ್ನು ಅವಳು ಈವರೆಗೆ ನೋಡಿಯೇ ಇರಲಿಲ್ಲ. ಕೊನೆಗೆ ಹದಿನಾಲ್ಕನ್ನು ಒತ್ತಿದ. ಕಪ್ಪೆ ಬುಳುಕ್ ಎಂದು ನೀರಿಗೆ ಬಿತ್ತು. ಈ ಸಲ ಬುಗುರಿ ನಗಲಿಲ್ಲ, ಅವಳೂ ಕೈ ಹೊರಗೆ ತೆಗೆಯಲಿಲ್ಲ. ಇಬ್ಬರೂ ಮುಂದಿನ ಪ್ರಶ್ನೆಗೆ ಕಾದು ಕೂತರು.